ದಿನ್ನೆಯ ಮೇಲಿನ ಮುಳುಗಡೆ

ಬೆಳಗಾವಿಗೆ ಒಂದು ದಿನದ ತರಬೇತಿಗೆಂದು ಹೋದ ಗಂಡ ಸಂಶೋಧಕನಾಗಿ ಮರಳಿದರೆ ಹೆಂಡತಿಯಾದವಳು ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಜ್ವರ ಹಚ್ಚಿಕೊಂಡು ಬಂದಿದ್ದರೆ ಗಂಜಿ ಕಾಸಿಕೊಡುತ್ತಿದ್ದೆ. ಛತ್ರಿ ಬಸ್ಸಿನಲ್ಲಿ ಬಿಟ್ಟು ಬಂದಿದ್ದರೆ ಎಂದಿನಂತೆ ಸುಮ್ಮನಿರುತ್ತಿದ್ದೆ. ಆದರೆ ಅವತ್ತು ಇವರು ಕಂಕುಳಲ್ಲಿ ನೀಲಿ ಫೈಲು, ಕೈಯಲ್ಲಿ ಐವತ್ತು ಮೀಟರಿನ ಟೇಪು, ಕೊರಳಲ್ಲಿ ಒಂದು ಗಡಿಯಾರ ತೂಗಿಸಿಕೊಂಡು ಬಂದಿದ್ದರು. ಗುಂಡಿ ಒತ್ತಿದರೆ ಓಡುವ, ಇನ್ನೊಮ್ಮೆ ಒತ್ತಿದರೆ ನಿಲ್ಲುವ ಗಡಿಯಾರ. ಕಾಲು ತೊಳೆಯುವ ಮೊದಲೇ ಅಂದರು:

"ಸುವರ್ಣಾ, ಇನ್ನ ಮ್ಯಾಲ ನಾ ಬರೇ ಗೋಡಾವನ್ ಕೀಪರ್ ಅಲ್ಲ."

"ಮತ್ತೇನ್ರಿ?"

"ಸಂಶೋಧಕ."

"ಛಲೋ ಆತು. ಕಾಲ ತೊಳಕೊಂಡ ಬರ್ರಿ, ರೊಟ್ಟಿ ಆರಾಕತ್ತಾವ."

ನಮ್ಮವರ ಹೆಸರು ಸಿದ್ದಾರೂಢ. ಜಮಖಂಡಿಯಿಂದ ಹುನ್ನೂರಿಗೆ ಹೋಗುವ ದಾರಿಯಲ್ಲಿ, ದಿನ್ನೆಯ ಮೇಲೆ, ಸಕ್ಕರೆ ಚೀಲ ಇಡುವ ಒಂದು ಖಾಸಗಿ ಗೋದಾಮಿದೆ. ಅದರ ಕೀಲಿಕೈ ಏಳು ವರ್ಷದಿಂದ ಇವರ ಕೈಯಲ್ಲಿದೆ. ನಮ್ಮ ಮನೆ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಮಧ್ಯಾಹ್ನದ ಬುತ್ತಿ ನಾನೇ ಒಯ್ದು ಕೊಡುತ್ತೇನೆ, ಯಾಕೆಂದರೆ ಬೆಳಿಗ್ಗೆಯೇ ಕಟ್ಟಿಕೊಟ್ಟ ಬುತ್ತಿಯನ್ನು ಇವರು ಸೈಕಲ್ಲಿಗೆ ತೂಗುಹಾಕಿ ಅಲ್ಲಿಯೇ ಮರೆತು, ಸಂಜೆ ಹಾಗೆಯೇ ಮನೆಗೆ ತಂದ ದಿನಗಳು ಬಹಳ.

ಸಂಶೋಧನೆ ಯಾಕೆ ಬೇಕಾಯಿತೆಂದರೆ, ಜೂನಿನ ಮಿರಗದ ಮಳೆಯಲ್ಲಿ ಹಮಾಲ ಮುರಗೆಪ್ಪ ಬಿದ್ದಿದ್ದ. ಐವತ್ತು ಕಿಲೋ ಚೀಲವನ್ನು ಬೆನ್ನ ಮೇಲೆ ಹೊತ್ತು, ಹಲಗೆ ಹತ್ತಿ ಲಾರಿಗೆ ಏರಿಸುವಾಗ ಕಾಲು ಜಾರಿ, ಚೀಲವೂ ಅವನೂ ಒಟ್ಟಿಗೇ ಕೆಳಗೆ ಬಂದರು. ಚೀಲಕ್ಕೆ ಏನೂ ಆಗಲಿಲ್ಲ. ಮುರಗೆಪ್ಪನ ಸೊಂಟ ಹೋಯಿತು.

ಬೆಳಗಾವಿಯ ಹೆಡ್ ಆಫೀಸಿನ ಪರಮಾನಂದ ಸಾಹೇಬರು ತರಬೇತಿಯ ಕೊನೆಗೆ ಇವರೊಬ್ಬರನ್ನೇ ಕರೆದು ಹೇಳಿದ್ದರು: "ಹದಿನೈದು ದಿನದೊಳಗೆ ಅವನು ಯಾಕೆ ಬಿದ್ದ ಅಂತ ಕಾರಣ ಹುಡುಕಿ ವರದಿ ಕೊಡಿ. ಕಾರಣ ಸಿಗಲಿಲ್ಲವೋ, 'ಹಮಾಲನ ಅಜಾಗರೂಕತೆ' ಅಂತ ಬರೆದು ಫೈಲು ಮುಚ್ಚುತ್ತೇವೆ." ಫೈಲು ಹಾಗೆ ಮುಚ್ಚಿದರೆ ಮುರಗೆಪ್ಪನ ಹೆಸರು ಗ್ಯಾಂಗಿನಿಂದ ಹೋಗುತ್ತದೆ. ಸೊಂಟ ಅವನದು, ತಪ್ಪೂ ಅವನದು ಎಂದಾಗುತ್ತದೆ.

ಅವನ ಹೆಂಡತಿ ಕರೆವ್ವ ಅದೇ ಗೋದಾಮಿನಲ್ಲಿ ಹರಿದ ಚೀಲ ಹೊಲಿಯುತ್ತಾಳೆ. ಒಂದು ದಿನ ನಮ್ಮ ಹಿತ್ತಲ ಬಾಗಿಲಿಗೆ ಬಂದು, ಒಳಗೆ ಬಾ ಅಂದರೂ ಬರದೆ, ಅಲ್ಲಿಂದಲೇ ಅಂದಳು:

"ಅಕ್ಕಾರ, ಇಪ್ಪತ್ತೆರಡು ವರ್ಷ ಆತು ಅಂವ ಚೀಲ ಹೊರಾಕತ್ತು. ಕಣ್ಣ ಮುಚಗೊಂಡ ನಡ್ಯಾವ ಅಲ್ರಿ. ಹಂಗ ಬರೀಬ್ಯಾಡ್ರಿ ಅಂತ ಸಾಹೇಬ್ರಿಗೆ ಹೇಳ್ರಿ."

ಹೇಳುತ್ತೇನೆ ಎಂದೆ. ಹೇಳಿದೆ ಕೂಡ. ಇವರು ಗಂಭೀರವಾಗಿ ಫೈಲಿನ ಮೇಲೆ ಕೈಯಿಟ್ಟು, "ಸಂಶೋಧನೆ ಏನ ಹೇಳ್ತೈತೋ ಅದು" ಎಂದರು. ತರಬೇತಿಯಲ್ಲಿ ಕಲಿಸಿದ್ದು ಇಷ್ಟು: ಕೆಲಸ ಮಾಡುವವರನ್ನು ಕೇಳು, ಅವರು ಕೆಲಸ ಮಾಡುವುದನ್ನು ನೋಡು, ಅಳೆ, ಆಮೇಲೆ ಗೋದಾಮನ್ನು ತಿದ್ದು. ಒಳ್ಳೆಯ ಮಾತೇ. ಒಳ್ಳೆಯ ಮಾತು ನಮ್ಮವರ ಕೈಗೆ ಬಂದ ಮೇಲೆ ಏನಾಗುತ್ತದೆ ಎಂಬುದು ಬೇರೆ ಪ್ರಶ್ನೆ.

ಮೊದಲು ನನ್ನ ಮೇಲೆ ಅಭ್ಯಾಸ ಮಾಡಿಕೊಂಡರು. ನಾನು ಬೆಳಿಗ್ಗೆ ರೊಟ್ಟಿ ಬಡಿಯಲು ಕೂತರೆ, ಅಡುಗೆಮನೆಯ ಹೊಸ್ತಿಲ ಮೇಲೆ ನೋಟುಪುಸ್ತಕ ಹಿಡಿದು ಕೂತರು.

"ನಾ ಇಲ್ಲೇ ಇಲ್ಲಂತ ತಿಳಕೊಂಡ ಕೆಲಸ ಮಾಡು."

"ಹದಿನೇಳು ವರ್ಷದಿಂದ ಹಂಗ ಮಾಡಾಕತ್ತೇನ್ರಿ."

ಅದನ್ನೂ ಬರೆದುಕೊಂಡರು. ಹಿಟ್ಟಿನ ಡಬ್ಬಿಗೆ ಎಷ್ಟು ಹೆಜ್ಜೆ, ನೀರಿನ ಕೊಡಕ್ಕೆ ಎಷ್ಟು ಹೆಜ್ಜೆ, ಮಗಳು ಪ್ರತಿಮಾ ಲಂಗದ ಗುಂಡಿ ಹಚ್ಚಿಕೊಡು ಎಂದು ಕೂಗಿದಾಗ ಎಷ್ಟು ಹೆಜ್ಜೆ, ಎಲ್ಲವನ್ನೂ ಎಣಿಸಿದರು. ನಳಕ್ಕೆ ನೀರು ಬಂದು ನಾನು ಕೊಡ ಹೊತ್ತು ಓಡಾಡಿದರೆ, ಗಡಿಯಾರ ಹಿಡಿದು ಹಿಂದಿಂದೇ ಬಂದರು. ಪಕ್ಕದ ಮನೆಯ ರಾಜಶ್ರೀ ತನ್ನ ಕೊಡ ಅಲ್ಲಿಯೇ ಬಿಟ್ಟು ನಿಂತುಬಿಟ್ಟಳು.

"ವೈನಿ, ಅಣ್ಣಾರಿಗೆ ಡಾಕ್ಟರ್ ವಾಕಿಂಗ ಮಾಡಂತ ಹೇಳ್ಯಾರೇನ್ರಿ?"

"ಇಲ್ಲವಾ. ನನ್ನ ಅಳ್ಯಾಕತ್ತಾರ."

"ಅಯ್ಯ! ಈ ವಯಸ್ಸಿನ್ಯಾಗ ಸೀರಿ ಬಿಟ್ಟು ಡ್ರೆಸ್ ಹೊಲಸ್ತಾರೇನ?"

ಸಂಶೋಧನೆಯ ಫಲಿತಾಂಶ ಸಂಜೆ ಪ್ರಕಟವಾಯಿತು. ಒಂದು ರೊಟ್ಟಿಗೆ ನಾನು ಹನ್ನೊಂದು ಹೆಜ್ಜೆ ವ್ಯರ್ಥ ಮಾಡುತ್ತಿದ್ದೇನಂತೆ. ಹಿಟ್ಟಿನ ಡಬ್ಬಿಯನ್ನು ತಾವೇ ಎತ್ತಿ ಒಲೆಯ ಮೇಲಿನ ಹಲಗೆಗೆ ಇಟ್ಟರು. ಮರುದಿನ ಹೊಗೆಗೆ ಹಿಟ್ಟು ಕಮಟು ಹಿಡಿಯಿತು. ಇವರು ಹೊರಗೆ ಹೋದ ಮೇಲೆ ಡಬ್ಬಿಯನ್ನು ಅದರ ಜಾಗಕ್ಕೆ ತಂದು ಇಟ್ಟೆ. ಮನೆ ನಡೆಸುವುದೆಂದರೆ ಬಹುಮಟ್ಟಿಗೆ ಅಷ್ಟೇ.

ಆಮೇಲೆ ಹಮಾಲರ ಸರದಿ. ನಾನು ಬುತ್ತಿ ಒಯ್ದಾಗ ಇವರು ತಮ್ಮ ದೊಡ್ಡ ಟೇಬಲ್ಲಿನ ಹಿಂದೆ, ಗೋದಾಮಿನಲ್ಲಿ ಗಾಳಿ ಬರುವ ಒಂದೇ ಒಂದು ಮೂಲೆಯಲ್ಲಿ ಕೂತು, ಫೈಲಿನೊಳಗಿನ ಪ್ರಶ್ನಾವಳಿ ಓದುತ್ತಿದ್ದರು. ಎದುರಿಗೆ ಹದಿನಾಲ್ಕು ಹಮಾಲರು ತಲೆಯ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದರು.

"ಪ್ರಶ್ನೆ ಒಂದು. ನಿಮ್ಮ ಕೆಲಸದ ಸ್ಥಳದಲ್ಲಿ ನೀವು ಎದುರಿಸುತ್ತಿರುವ ಸವಾಲುಗಳು ಯಾವುವು?"

ಹಮಾಲರ ಮುಂದಾಳು, ಮುಕಾದಮ ಹುಲೆಪ್ಪ, ಹಿಂದಿದ್ದವರ ಮುಖ ನೋಡಿದ. ಹಿಂದಿದ್ದವರು ಮುಂದಿದ್ದವರ ಮುಖ ನೋಡಿದರು.

"ಸವಾಲು ಯಾವಾಗ ಇಟ್ಟಾರ್ರಿ ಸಾಹೇಬ್ರ?"

"ಅಂದ್ರ?"

"ಗೋಡಾವನ್ ಸವಾಲಿಗೆ ಇಟ್ಟಾರಂದ್ರ ಮದ್ಲ ಡಂಗುರ ಹೊಡೀಬೇಕಲ್ರಿ. ನಮ್ಮಂಥವರು ಏನ ಕೂಗೂಣ್ರಿ ಇದಕ್ಕ?"

ನಮ್ಮ ಕಡೆ ಸವಾಲೆಂದರೆ ಹರಾಜು. ಇದು ಆ ಸವಾಲಲ್ಲ, ತೊಂದರೆ ಎಂದರ್ಥ ಎಂದು ಇವರು ಬೆವರುತ್ತ ತಿಳಿಸಿದರು.

"ತೊಂದ್ರಿನಾ? ಏನೂ ಇಲ್ರಿ" ಎಂದ ಹುಲೆಪ್ಪ.

"ಏನೂ ಇಲ್ರಿ" ಎಂದರು ಹದಿಮೂರು ಮಂದಿ.

"ಮತ್ತ ಮುರಗೆಪ್ಪ ಯಾಕ ಬಿದ್ದ?"

"ಅವನ ಟೈಮ್ ಛಲೋ ಇರಲಿಲ್ರಿ."

ಹದಿನಾಲ್ಕು ಪ್ರಶ್ನಾವಳಿಗಳಲ್ಲಿ ಹದಿನಾಲ್ಕು ಸಲ "ಏನೂ ಇಲ್ಲ" ಎಂದು ಬರೆದು ಇವರು ಮನೆಗೆ ಬಂದರು. ಅವತ್ತು ಎರಡೇ ರೊಟ್ಟಿ ಉಂಡರು. ಕೇಳಿದರೆ ಹೇಳುವುದಿಲ್ಲ, ಅಂದಮೇಲೆ ನೋಡಿ ಅಳೆಯುವುದೇ ದಾರಿ ಎಂದು ಮಲಗುವ ಮುಂಚೆ ತೀರ್ಮಾನಿಸಿದರು. ಹಮಾಲರು ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆ ಎಂದು ಗುರುತಿಸಲು ನೆಲಕ್ಕೆ, ಕಂಬಕ್ಕೆ, ಗೋಡೆಗೆ ನಂಬರು ಹಾಕಬೇಕಂತೆ. ಮರುದಿನ ಪೇಟೆಗೆ ಹೋಗಿ ಒಂದು ಡಬ್ಬಿ ಬಣ್ಣ ತಂದರು. ಕೆಂಪು ಬಣ್ಣ.

ಇಲ್ಲಿ ನಾನು ಬಾಯಿ ತೆರೆಯಬೇಕಿತ್ತು. ನನ್ನ ತವರು ಬೀಳಗಿ ತಾಲೂಕಿನ ನದಿದಂಡೆಯದು, ಈಗ ಡ್ಯಾಮಿನ ನೀರಿನ ಕೆಳಗಿದೆ. ನಮ್ಮ ಮನೆಯ ಚೌಕಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದ ದಿನ ನಾನು ಅಲ್ಲಿಯೇ ಇದ್ದೆ. ಟೇಪು ಹಿಡಿದವರು ಬಂದರು, ಗಿಡ ಎಣಿಸಿದರು, ಮಂದಿ ಎಣಿಸಿದರು, ಹೋದರು. ಆಮೇಲೆ ಉಳಿದದ್ದನ್ನು ನೀರು ಎಣಿಸಿತು. ಈ ಜಿಲ್ಲೆಯಲ್ಲಿ ಟೇಪು ಮತ್ತು ಕೆಂಪು ಬಣ್ಣ ಒಟ್ಟಿಗೆ ಬಂದರೆ ಅದಕ್ಕೆ ಒಂದೇ ಅರ್ಥ. ಅದರಲ್ಲಿಯೂ ಅದು ಡ್ಯಾಮಿನ ಎತ್ತರ ಇನ್ನೂ ಏರಿಸುತ್ತಾರಂತೆ ಎಂದು ಪೇಪರಿನಲ್ಲಿ ದಿನಾ ಸುದ್ದಿ ಬರುತ್ತಿದ್ದ ವರ್ಷ.

ಆದರೆ ನಮ್ಮವರು ಬನಹಟ್ಟಿಯ ಮಗ್ಗದ ಓಣಿಯಲ್ಲಿ ಬೆಳೆದವರು. ಅವರಿಗೆ ಕೆಂಪು ಎಂದರೆ ಸೀರೆಯ ಬಣ್ಣ. ನಾನು ಆ ಹೊತ್ತಿಗೆ ಪ್ರತಿಮಾಳ ಜಡೆ ಹಾಕುತ್ತಿದ್ದೆ, ಹಾಲು ಉಕ್ಕುತ್ತಿತ್ತು. ಇವರು ಡಬ್ಬಿ ತೂಗಾಡಿಸುತ್ತ ಹೋಗಿಬಿಟ್ಟರು.

ಮಧ್ಯಾಹ್ನ ಬುತ್ತಿ ಒಯ್ಯುವಷ್ಟರಲ್ಲಿ ಏಳು ಕಂಬಗಳಿಗೆ, ಎರಡು ಗೋಡೆಗಳಿಗೆ ನಂಬರು ಬಿದ್ದಿತ್ತು. ಚೀಲ ಹೊರುವವರು ಯಾರೂ ಇರಲಿಲ್ಲ. ಎಲ್ಲರೂ ಬಾಗಿಲಾಚೆ ರತ್ನಾಬಾಯಿಯ ಚಹಾದಂಗಡಿ ಮುಂದೆ ಗುಂಪಾಗಿದ್ದರು. ರತ್ನಾಬಾಯಿ ನನ್ನ ಸೆರಗು ಹಿಡಿದಳು.

"ಅಕ್ಕಾರ, ಖರೇ ಹೇಳ್ರಿ. ನೀರ ಎಲ್ಲೀತನ ಬರ್ತೈತಿ?"

"ಯಾವ ನೀರ?"

"ಮುಚ್ಚಬ್ಯಾಡ್ರಿ. ನನ್ನ ಅಂಗಡಿ ಬರ್ತೈತೋ ಇಲ್ಲೋ ಅಷ್ಟ ಹೇಳ್ರಿ."

"ಈ ದಿನ್ನಿ ಮ್ಯಾಲ ನೀರ ಬರಬೇಕಂದ್ರ ವಿಜಾಪುರದ ಗೋಲಗುಮ್ಮಟಾನ ಮುಳಗಬೇಕ ರತ್ನಾಬಾಯಿ."

ಅವಳು ಹಿಂದಕ್ಕೆ ತಿರುಗಿ, "ಕೇಳಿದ್ರೇನೋ! ಗೋಲಗುಮ್ಮಟಾನೂ ಹೊಂಟೈತಂತ!" ಎಂದು ಸಾರಿದಳು.

ಹೀಗೆ ನಮ್ಮ ಗೋದಾಮು ಮುಳುಗಡೆಯಾಯಿತು.

ಮರುದಿನ ಬೆಳಗಾಗುವಷ್ಟರಲ್ಲಿ ಗೋದಾಮಿನ ಗೋಡೆಗುಂಟ ಇಪ್ಪತ್ತಾರು ಬೇವಿನ ಸಸಿಗಳು ಹುಟ್ಟಿಕೊಂಡಿದ್ದವು. ಸರ್ವೆಯಲ್ಲಿ ಬರೆಸಿದ ಒಂದೊಂದು ಗಿಡಕ್ಕೂ ಪರಿಹಾರ ಸಿಗುತ್ತದಲ್ಲ. ನಾಲ್ಕನೇ ಕಂಬಕ್ಕೆ ಯಾರದೋ ಆಡು ಕಟ್ಟಿತ್ತು. ಒಂದು ಮೂಲೆಯಲ್ಲಿ ಕಲ್ಲೊಂದು ಕುಂಕುಮ ಹಚ್ಚಿಸಿಕೊಂಡು ಹನುಮಪ್ಪನಾಗಿ ಕೂತಿತ್ತು. ಗುಡಿ ಇದ್ದರೆ ಹೊಸ ಊರಿನಲ್ಲಿ ಗುಡಿಗೆ ಬೇರೆ ಜಾಗ ಕೊಡುತ್ತಾರೆ. ರತ್ನಾಬಾಯಿ ಇನ್ನೊಂದು ಸ್ಟೋ ತಂದಿಟ್ಟು ಹೋಟೆಲ್ ಎಂದು ಸುಣ್ಣದಲ್ಲಿ ಬರೆಸಿದ್ದಳು. ಹಮಾಲರು ಮದುವೆಯಾದ ಮಕ್ಕಳನ್ನು, ಅಳಿಯಂದಿರನ್ನು, ರೇಷನ್ ಕಾರ್ಡುಗಳನ್ನು ಕರೆದುಕೊಂಡು ಬಂದಿದ್ದರು.

ನಮ್ಮವರು ಇದನ್ನೆಲ್ಲ ನೋಡಿ ನನ್ನ ಕಿವಿಯಲ್ಲಿ, "ನೋಡಿದಿ? ತರಬೇತಿದಾಗ ಹೇಳಿದ್ರು, ಕೆಲಸಗಾರರಿಗೆ ಆಸಕ್ತಿ ಹುಟ್ಟಬೇಕಂತ. ಹುಟ್ಟೈತಿ" ಎಂದರು.

ಮುಳುಗಡೆಯ ಸಂಗತಿ ತಿಳಿಸಿ ಹೇಳಿದೆ. ಇವರು ಹೌಹಾರಿ, ಒಂದು ಖಾಲಿ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಕೂಗಿದರು: "ಕೇಳ್ರೆಪಾ! ಮುಳಗಡಿ ಇಲ್ಲ, ಏನಿಲ್ಲ! ಇದು ಸುಮ್ನ ಅಳತಿ!"

ಎಲ್ಲರೂ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯ ಅರ್ಥ ಹತ್ತು ಗಂಟೆಯ ಬೀಳಗಿ ಬಸ್ಸಿನಿಂದ ಇಳಿದು ಬಂತು. ನನ್ನ ಅವ್ವ, ಮುದಕವ್ವ. ಪುನರ್ವಸತಿ ಕೇಂದ್ರದಲ್ಲಿ ಅಣ್ಣನ ಮನೆಯಲ್ಲಿರುವವಳು. ಗೋಲಗುಮ್ಮಟ ಹೊರಟ ಸುದ್ದಿ ರಾತ್ರಿಯೊಳಗೇ ಅವಳನ್ನು ಮುಟ್ಟಿತ್ತು. ಕೈಯಲ್ಲಿ ಗಂಟು, ಗಂಟಿನಲ್ಲಿ ತನ್ನ ಹಳೆಯ ಮನೆಯ ಸರ್ವೆ ಕಾಗದ.

"ಹಿಂಗ ಅಂದ್ರೇನ ಅಳಿಯಾಂದ್ರು? ಸುಮ್ನ ಅಳತಿ ಅಂತ?" ಎಂದು ಹಮಾಲರನ್ನು ಕೇಳಿದಳು. "ನಮ್ಮೂರಿಗೆ ಬಂದ ಸಾಹೇಬನೂ ಇದ ಮಾತ ಅಂದಿದ್ದ. ಏನೂ ಇಲ್ಲ ಮುದುಕಿ, ಸುಮ್ನ ಅಳತಿ ಅಂತ. ನಾಕು ವರ್ಷಕ್ಕ ನೀರ ಅಡಗಿಮನ್ಯಾಗ ಬಂತು. ಇಲ್ಲ ಅಂದ್ರಂದ್ರ ಐತಿ ಅಂತ ತಿಳಕೋರಿ."

ಅಲ್ಲಿಗೆ ನಮ್ಮವರ ಪೆಟ್ಟಿಗೆಯ ಭಾಷಣ ಮುಗಿಯಿತು. ಅವರು ಇಲ್ಲ ಎಂದಷ್ಟೂ ಸಸಿಗಳು ಹೆಚ್ಚಿದವು. ಊರಿನ ಜಮೀನಿನ ಲೆಕ್ಕ ಇಡುವ ತಲಾಟಿ ಮೋಟಾರ್ ಸೈಕಲ್ಲಿನ ಮೇಲೆ ಬಂದು, "ಯಾರ ಆರ್ಡರಿನ ಮ್ಯಾಲ ಸರ್ವೆ ಮಾಡಾಕತ್ತೀರಿ?" ಎಂದು ಜೋರು ಮಾಡಿದ. ಇದು ಸರ್ವೆ ಅಲ್ಲ, ಸಂಶೋಧನೆ ಎಂದು ಇವರು ನೀಲಿ ಫೈಲು ತೋರಿಸಿದರು. ತಲಾಟಿ ಫೈಲು ತಿರುವಿದ, ಮೇಲಿನ ಹಾಳೆ ಇಂಗ್ಲಿಷಿನಲ್ಲಿದ್ದುದರಿಂದ ದನಿ ಇಳಿಸಿದ, ಹೊರಡುವಾಗ ಇವರನ್ನು ಒಂದು ಕಡೆಗೆ ಕರೆದು, "ಬಾಜೂಕಿನ ಹೊಲ ನಮ್ಮ ಹೆಂಡ್ತಿ ಅಣ್ಣಂದೈತ್ರಿ. ನೆನಪಿರ್ಲಿ" ಎಂದು ಮೆಲ್ಲಗೆ ಅಂದುಹೋದ.

ಅವ್ವ ಗೋದಾಮಿನ ನಡುಮಧ್ಯೆ ಒಂದು ಗೋಣಿತಟ್ಟು ಹಾಸಿಕೊಂಡು ಕೂತಳು.

"ಕೇಳ್ರಿಲ್ಲಿ. ಸರ್ವೆದಾಗ ಸುಳ್ಳ ಬರಸಬ್ಯಾಡ್ರಿ, ಸಿಗತೈತಿ. ಆದ್ರ ಖರೇ ಇದ್ದದ್ದು ಒಂದೂ ಬಿಡಬ್ಯಾಡ್ರಿ. ನಾ ಬಚ್ಚಲದ ಕಲ್ಲ ಬರಸೂದು ಮರತೆ. ಅದು ಇದ್ದಿದ್ದ ಇಲ್ಲ ಅಂದಬಿಟ್ರು. ಮದ್ಲ ಆ ಆಡು ಬಿಚ್ರಿ, ಅದು ನಿನ್ನಿ ಬಂದದ್ದಂತ ಕಣ್ಣಿಲ್ಲದವರಿಗೂ ತಿಳೀತೈತಿ. ಈ ಗೋಡಾವನದಾಗ ನಿಮ್ಮದು ಅನ್ನೂದು ಖರೇ ಏನೈತಿ, ಒಬ್ಬೊಬ್ಬರ ಬಂದ ಹೇಳ್ರಿ. ಅಳಿಯಾಂದ್ರ, ನೀವ ಬರಕೋರಿ."

ಬೇರೆ ದಾರಿ ಕಾಣದೆ ನಮ್ಮವರು ಪೆನ್ನು ತೆಗೆದರು. ಮುಕಾದಮ ಹುಲೆಪ್ಪ ಮೊದಲು ಬಂದ.

"ಏಳನೇ ಕಂಬದ ಬಲ್ಲಿ ಒಂದು ತಗ್ಗ ಐತ್ರಿ. ಅದು ನಂದು. ಒಂಬತ್ತು ವರ್ಷದಿಂದ ಅದರಾಗ ಎಡವಾಕತ್ತೇನಿ."

ಇವರ ಪೆನ್ನು ನಿಂತಿತು. "ಮೊನ್ನಿ ತೊಂದ್ರಿ ಏನೈತಿ ಅಂತ ಕೇಳಿದಾಗ ಏನೂ ಇಲ್ಲಂದ್ಯಲ್ಲೋ?"

"ಇದು ತೊಂದ್ರಿ ಹೆಂಗಾಗ್ತೈತ್ರಿ? ಇದು ಆಸ್ತಿ."

ಮುತ್ತಪ್ಪ ಎಂಬವನು ಬಂದ. "ನಂದು ಚೀಲದ ಮೂರನೇ ಥಪ್ಪಿ ಹಿಂದಿನ ಸಂದ್ರಿ. ಉಂಡ ಮ್ಯಾಲ ಮಲಗೂದ ಅಲ್ಲೇ. ಥಪ್ಪಿ ಗ್ವಾಡಿ ಕಡೆ ವಾಲೈತ್ರಿ, ಮ್ಯಾಲಿನ ಚೀಲ ಯಾವಾಗ ಬೀಳ್ತಾವೋ ಅಂತ ಒಂದ ಕಣ್ಣ ತೆರಕೊಂಡ ಮಲಗ್ತೇನಿ."

"ಇನ್ನೊಂದ ಕಣ್ಣ?"

"ಅದಕ್ಕ ನಿದ್ದಿ ಬರ್ತೈತ್ರಿ."

ಹೀಗೆ ಎಲ್ಲ ಬಂತು. ಪ್ರಶ್ನಾವಳಿಯಿಂದ ಒಂದಕ್ಷರವೂ ಹೊರಡದ ಬಾಯಿಗಳಿಂದ ಎರಡು ಗಂಟೆಯಲ್ಲಿ ಇಡೀ ಗೋದಾಮು ಹೊರಗೆ ಬಂತು. ಯಾವ ಕಿಟಕಿಯ ಬೆಳಕು ನೇರವಾಗಿ ಕಣ್ಣಿಗೆ ಹೊಡೆಯುತ್ತದೆ, ಯಾವ ಕಂಬದ ಮೊಳೆ ಎಷ್ಟು ಅಂಗಿ ಹರಿದಿದೆ, ಕುಡಿಯುವ ನೀರಿನ ಗಡಿಗೆಗಾಗಿ ದಿನಕ್ಕೆ ಎಷ್ಟು ಸಲ ಲಾರಿಯ ಹಿಂದೆ ಸುತ್ತು ಹಾಕಬೇಕು. ಒಂದೊಂದಕ್ಕೂ ಒಬ್ಬ ಮಾಲೀಕನಿದ್ದ. ಇವರು ಬರೆದರು, ಟೇಪು ಹಿಡಿದು ಅಳೆದರು, ಮತ್ತೆ ಬರೆದರು. ನಾನು ತಂದ ಬುತ್ತಿ ಆರಿ ತಣ್ಣಗಾಯಿತು.

ಕೊನೆಗೆ ಕರೆವ್ವ ಎದ್ದಳು. ಪಡುವಣ ಬಾಗಿಲ ಹತ್ತಿರ, ಲಾರಿಗೆ ಹಲಗೆ ಹಚ್ಚುವಲ್ಲಿ ಹೋಗಿ ನಿಂತಳು. ಅಲ್ಲಿ ಮೇಲಿನ ತಗಡು ಸೋರುತ್ತದೆ. ಚೀಲದಿಂದ ಉದುರಿದ ಸಕ್ಕರೆ ಮಳೆನೀರಿಗೆ ಕರಗಿ, ಹಲಗೆಯ ಬುಡದಲ್ಲಿ ಪಾಕವಾಗಿ ನಿಂತಿತ್ತು. ಮೇಲೆ ಯಾರೋ ಬೂದಿ ಚೆಲ್ಲಿದ್ದರು.

"ಇದನ್ನ ಬರಕೋರಿ ಸಾಹೇಬ್ರ" ಎಂದಳು. "ನಮ್ಮನ್ಯಾಗಿನವನ ಸೊಂಟ ಇಲ್ಲೇ ಹೋಗೈತಿ. ಈ ಜಾಗ ನಮ್ಮದು."

ನಮ್ಮವರು ಬರೆದುಕೊಂಡರು. ಬರೆದು ಕೇಳಿದರು: "ಇಷ್ಟು ಜಾರ್ತೈತಿ ಅಂದ ಮ್ಯಾಲ ಹಲಗಿ ಇಲ್ಲೇ ಯಾಕ ಹಚ್ತೀರಿ?"

ಹುಲೆಪ್ಪ ತಲೆಯ ವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಂಡ.

"ಏ, ಬಾಗಲಾ ಎಷ್ಟ ಬರಸಿದ್ರಿ?" ಎಂದಳು ಅವ್ವ, ಗೋಣಿತಟ್ಟಿನಿಂದಲೇ. "ಬಾಗಲಾ ಬಿಡಬ್ಯಾಡ್ರಿ. ಚೌಕಟ್ಟ ಸಮೇತ ಬರಸ್ರಿ."

"ಎರಡ್ರಿ ಆಯಿ" ಎಂದ ಹುಲೆಪ್ಪ. "ಒಂದು ಇದು, ಪಡುವಣದ್ದು. ಇನ್ನೊಂದು ಮೂಡಣದ್ದು. ಅಲ್ಲಿ ಲಾರಿ ಎತ್ತರಕ್ಕ ಸರೀ ಆಗೂ ಹಂಗ ಕಟ್ಟಿ ಕಟ್ಟ್ಯಾರ್ರಿ. ಹಲಗಿ ಬೇಕಿಲ್ಲ, ನಡಕೋತ ಹೋಗಿ ಲಾರ್ಯಾಗ ಇಡಬಹುದು. ಮದ್ಲ ಅಲ್ಲೇ ತುಂಬ್ತಿದ್ವಿ."

"ಮತ್ತ ಈಗ?"

ಹುಲೆಪ್ಪ ನೆಲ ನೋಡಿದ. ಉಳಿದವರೆಲ್ಲ ಒಂದೇ ಕಡೆ ನೋಡಿದರು. ನಾನೂ ನೋಡಿದೆ.

"ಅಲ್ಲಿ ಸಾಹೇಬ್ರು ಕುಂದರ್ತಾರ್ರಿ."

ಗಾಳಿ ಬರುವ ಒಂದೇ ಮೂಲೆ. ದೊಡ್ಡ ಟೇಬಲ್ಲು. ಅದರ ಹಿಂದೆ, ಅರ್ಧ ಎತ್ತಿದ ಮೂಡಣ ಶಟರು. ಏಳು ವರ್ಷದ ಹಿಂದೆ ಇವರು ಕೆಲಸಕ್ಕೆ ಸೇರಿದ ದಿನ ಸೆಕೆ ಎಂದು ಟೇಬಲ್ಲನ್ನು ಅಲ್ಲಿಗೆ ಎಳೆಸಿದ್ದರು. ಸಾಹೇಬರನ್ನು ಏಳಿ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ಹಮಾಲರು ಅವತ್ತಿನಿಂದ ಪಡುವಣ ಬಾಗಿಲಿಗೆ ಹಲಗೆ ಹಚ್ಚಿಕೊಂಡರು.

"ನನಗ ಒಬ್ಬರೂ ಹೇಳಲಿಲ್ಲಲ್ಲೋ" ಎಂದರು ಇವರು.

"ನೀವು ಕೇಳಿದ್ದು ಸವಾಲ್ರಿ. ಬಾಗಲಾ ಕೇಳಲಿಲ್ಲ."

ಟೇಬಲ್ಲನ್ನು ಅವತ್ತೇ ಸರಿಸಲಾಯಿತು. ಲಾರಿಯೊಂದನ್ನು ಮೂಡಣ ಕಟ್ಟೆಗೆ ಹಿಂದಕ್ಕೆ ತರಿಸಿ ಇವರು ಗಡಿಯಾರ ಒತ್ತಿದರು. ಹಲಗೆಯ ದಾರಿಯಲ್ಲಿ ಒಂದು ಚೀಲಕ್ಕೆ ಐವತ್ತೆರಡು ಸೆಕೆಂಡು, ಕಟ್ಟೆಯ ದಾರಿಯಲ್ಲಿ ಹತ್ತೊಂಬತ್ತು. ನಂಬಿಕೆ ಬರದೆ, ತಾವೇ ಹೊತ್ತು ನೋಡುತ್ತೇನೆಂದು ಹಟ ಹಿಡಿದರು. ಬೇಡ ಅಂದೆ. ಹುಲೆಪ್ಪ, ಮುತ್ತಪ್ಪ ಸೇರಿ ಬೆನ್ನ ಮೇಲೆ ಚೀಲ ಇಟ್ಟರು. ಇವರು ಬಾಗಿ ನಿಂತರು. ನಿಂತೇ ಇದ್ದರು. ಮುಂದಕ್ಕೆ ಹೋಗಲಿಲ್ಲ, ಹಿಂದಕ್ಕೆ ಬರಲಿಲ್ಲ. ಗಡಿಯಾರ ಮಾತ್ರ ಓಡುತ್ತಿತ್ತು.

ಅವ್ವ ಕಣ್ಣು ಕಿರಿದು ಮಾಡಿ ನೋಡಿ, "ಅಳಿಯಾಂದ್ರನ್ನೂ ಬರಕೋರೆಪಾ, ಸ್ಥಿರಾಸ್ತಿದಾಗ" ಎಂದಳು.

ಮೂರು ದಿನ ಕಳೆದವು. ನನ್ನ ಅಕ್ಷರ ದುಂಡಗಿದೆ ಎಂದು ವರದಿಯನ್ನು ನಾನೇ ಬರೆಯಬೇಕಾಯಿತು. ಇವರು ಹೇಳುವುದು, ನಾನು ಬರೆಯುವುದು. ನಡುವೆ ಬೇಳೆಗೆ ಒಗ್ಗರಣೆ, ಪ್ರತಿಮಾಳ ಗಣಿತ, ಅವ್ವನ ಎಲೆಯಡಿಕೆ. ಹನ್ನೆರಡು ಪುಟ ನೀರು ಹರಿದಂತೆ ಹೋಯಿತು. ಹದಿಮೂರನೆಯದರಲ್ಲಿ ಅಚ್ಚು ಹೊಡೆದ ಒಂದು ಸಾಲಿತ್ತು: ಘಟನೆಗೆ ಕಾರಣ. ಅದರ ಮುಂದೆ ಖಾಲಿ.

"ಮಳಿ ಅಂತ ಬರದ್ರ ಹೆಂಗ?" ಎಂದರು.

"ಮಳಿಗೆ ನೋಟಿಸ್ ಕೊಡಾಕ ಬರಂಗಿಲ್ರಿ."

"ಹಲಗಿ ಅಂತ ಬರಿ."

"ಹಲಗಿ ಅಲ್ಲಿ ಯಾಕ ಬಂತು ಅಂತ ಕೇಳ್ತಾರ."

ಇವರು ಎದ್ದು ಹೊರಗೆ ಹೋಗಿ ಬಂದರು. ನಾನು ಪೆನ್ನು ಹಿಡಿದೇ ಕೂತಿದ್ದೆ. ಹೇಳಿಕೊಡಬಹುದಿತ್ತು. ಪ್ರತಿಮಾ ಲೆಕ್ಕಕ್ಕೆ ಕೂತಾಗ ಉತ್ತರ ನಾನು ಹೇಳುವುದಿಲ್ಲ. ಇವರಿಗೂ ಹೇಳಲಿಲ್ಲ.

"ಟೇಬಲ್ ಅಂತ ಬರಿ."

ಬರೆದೆ.

"ಯಾರ ಟೇಬಲ್ ಅಂತ ಬರೀದಿದ್ರೂ ನಡೀತೈತಲ್ಲ?"

ನಾನು ಪೆನ್ನಿನ ತುದಿ ಕಾಗದದ ಮೇಲೆಯೇ ಇಟ್ಟುಕೊಂಡೆ. ಒಲೆಯ ಮೇಲೆ ಬೇಳೆ ತಳ ಹಿಡಿಯುತ್ತಿತ್ತು, ವಾಸನೆ ಬರುತ್ತಿತ್ತು. ಏಳಲಿಲ್ಲ.

"ನಂದು ಅಂತ ಬರಿ" ಎಂದರು. "ಗೋಡಾವನ್ ಕೀಪರನ ಟೇಬಲ್. ಬರಿ. ಬ್ಯಾಳಿ ಹೊತ್ತತೈತಿ, ಲಗೂನ ಬರಿ."

ಹದಿನೈದನೆಯ ದಿನ ಪರಮಾನಂದ ಸಾಹೇಬರು ವರದಿ ಓದಿಕೊಂಡು ತಾವೇ ಬಂದರು. ಕಾರಿನಿಂದ ಇಳಿದು ಸಸಿಗಳ ಸಾಲು ನೋಡಿ, "ಹಸಿರೀಕರಣ ಮಾಡಿದ್ದೀರಿ, ಒಳ್ಳೆಯದು" ಎಂದರು. ಹನುಮಪ್ಪನಿಗೆ ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ಅವ್ವ ತನ್ನ ಹಳೆಯ ಸರ್ವೆ ಕಾಗದ ಹಿಡಿದು ಎದುರಿಗೆ ನಿಂತು, ಹೊಸ ಊರು ಯಾವ ದಿಕ್ಕಿಗೆ ಕೊಡುತ್ತೀರಿ ಎಂದು ಕೇಳಿದಾಗ ಅವರಿಗೆ ಸಂಗತಿ ಅರ್ಥವಾಯಿತು. ಅವರು ನಗಲಿಲ್ಲ. ಎಲ್ಲರನ್ನೂ ಕೂರಿಸಿ ತಿಳಿಯುವಂತೆ ಹೇಳಿದರು: ನೀರು ಬರುವುದಿಲ್ಲ, ಯಾರೂ ಎಲ್ಲಿಗೂ ಹೋಗಬೇಕಿಲ್ಲ, ಕಂಪನಿ ಇಲ್ಲಿಯೇ ಇರುತ್ತದೆ.

ನನ್ನ ತವರಿನಲ್ಲಿ ಈ ಮಾತಿಗಾಗಿ ಜನ ಹರಕೆ ಹೊತ್ತಿದ್ದರು. ಇಲ್ಲಿ ಹದಿನಾಲ್ಕು ಮಂದಿಯ ಮುಖ ಒಟ್ಟಿಗೆ ಬಾಡಿತು. ಹುಲೆಪ್ಪ ಕೇಳಿದ:

"ಹಂಗಾರ ನಾಳೀನೂ ಇದ ಕೆಲಸೇನ್ರಿ?"

"ಹೌದು. ಆದರೆ ಮೂಡಣ ಬಾಗಿಲಿನಿಂದ."

"ಆತು ಬಿಡ್ರಿ" ಎಂದು 'ಉಸ್' ಎಂದು ಎದ್ದು, ಬಗ್ಗಿ, ಚೀಲಕ್ಕೆ ಕೈ ಹಾಕಿದ.

ಹೆಡ್ ಆಫೀಸಿನ ಪತ್ರ ಬರಲು ಇನ್ನೂ ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನವೂ ಕರೆವ್ವ ಸಂಜೆ ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತು, ಏನೂ ಕೇಳದೆ ಹೋದಳು. ಪತ್ರ ಬಂದ ದಿನ ಗಂಡನನ್ನೂ ಕರೆತಂದಳು. ಮುರಗೆಪ್ಪ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಗೋಡೆ ಹಿಡಿಯುತ್ತ ಬಂದು ಹೊಸ್ತಿಲ ಮೇಲೆ ಕೂತ. ಅವನಿಗೆ ಓದು ಬಾರದು. ಇವರಿಗೆ ಕನ್ನಡಕ ಸಿಗಲಿಲ್ಲ. ಲಕೋಟೆ ನಾನೇ ಒಡೆದೆ.

ತಗಡು ರಿಪೇರಿಗೆ ಮಂಜೂರಾತಿ. ತಗ್ಗು ಮುಚ್ಚಲು ಮಂಜೂರಾತಿ. ಥಪ್ಪಿ ಇಷ್ಟೇ ಎತ್ತರ ಇರತಕ್ಕದ್ದು. ಗೋದಾಮು ಪಾಲಕ ಸಿದ್ದಾರೂಢ ಇವರು ಪೀಠೋಪಕರಣವನ್ನು ನಿರ್ಗಮನ ದ್ವಾರಕ್ಕೆ ಅಡ್ಡಲಾಗಿ ಇರಿಸಿದ್ದರಿಂದ ಘಟನೆ ಸಂಭವಿಸಿದ್ದು, ಸದರಿಯವರಿಗೆ ಎಚ್ಚರಿಕೆ ನೀಡಲಾಗಿದೆ. ಗಾಯಗೊಂಡ ಕೆಲಸಗಾರನಿಗೆ ಗುಣವಾಗುವವರೆಗೆ ಚೀಲ ಎಣಿಸುವ ಕೆಲಸ ಕೊಡತಕ್ಕದ್ದು.

ಇವರು ಸದರಿಯವರೆಂದರೆ ತಾವೇ ಎಂದು ಖಚಿತವಾದ ಮೇಲೆ ಹಿತ್ತಲಿಗೆ ಹೋಗಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡತೊಡಗಿದರು.

"ಅಕ್ಕಾರ," ಎಂದ ಮುರಗೆಪ್ಪ, "ಅದು ಕಾರಣ ಬರದಾರಲ್ರಿ, ಅಲ್ಲಿ ನನ್ನ ಹೆಸರ ಐತೇನ್ರಿ?"

"ಇಲ್ಲಪಾ."

"ಇನ್ನೊಮ್ಮೆ ನೋಡ್ರಿ."

ಮೊದಲಿನಿಂದ ಕೊನೆಯವರೆಗೆ, ಬೆರಳಿಟ್ಟು, ಗಟ್ಟಿಯಾಗಿ ಮತ್ತೊಮ್ಮೆ ಓದಿದೆ. ಕೆಳಗಿನ ಸಹಿಯನ್ನೂ ಓದಿದೆ.

"ಎಲ್ಲೂ ಇಲ್ಲ ಮುರಗೆಪ್ಪಾ."

ಅವನು ಗೋಡೆಗೆ ಒರಗಿ, ಕಣ್ಣು ಮುಚ್ಚಿ ನಕ್ಕ. ಕರೆವ್ವ ಸೆರಗಿನಿಂದ ಅವನ ಹಣೆ ಒರೆಸಿದಳು, ಬೆವರಿರಲಿಲ್ಲ. ನಾನು ಚಹಾಕ್ಕೆ ನೀರಿಟ್ಟೆ.

ಅವ್ವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು.

"ಎಂಥಾ ಮನಷ್ಯಾನವಾ ಇಂವ" ಎಂದಳು. "ಸರ್ಕಾರಿ ಕಾಗದದಾಗ ಹೆಸರಿಲ್ಲ ಅಂದ್ರ ನಕ್ಕೋತ ಕುಂತಾನ."